ಬಾವುಟಗುಡ್ಡೆಯ ಹಳೆಯ ವಿದ್ಯಾರ್ಥಿಗಳು

ಶಾಲೆಯೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ನಡೆಯಿಸಿದವರೇ ಆಗಿರುವರು. ಅಡಿಗಲ್ಲನ್ನು ಎಂದು ಇಟ್ಟರು, ನೆಲವನ್ನು ಯಾರು ಕೊಟ್ಟರು, ಮುಖ್ಯೋಪಾಧ್ಯಾಯರು ಯಾರು ಯಾರಿದ್ದರು, ನೂರಕ್ಕೆ ಎಷ್ಟು ಮಂದಿ ತೇರ್ಗಡೆ ಹೊಂದಿದರು ಎಂದು ಹೇಳಿ, ನಡುನಡುವೆ ನಾಲ್ಕು ಭಾವಚಿತ್ರಗಳನ್ನು ಸೇರಿಸಿ, ಮಹೋತ್ಸವದ ಸ್ಮರಣಸಂಚಿಕೆಯೆಂದು ಹಂಚುವುದು ವಾಡಿಕೆಯಾಗಿದೆ. ಮೂವತ್ತು ಚಿಲ್ಲರೆ ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದ ನಾವೂ ಅಂತಹ ಎರಡು ಮೂರು ಸಂಚಿಕೆಗಳಿಗೆ ಕೈಹಾಕಿದ್ದುಂಟು. ಆದರೆ ಮೇಜಿನ ಹಿಂದೆ ನಿಂತವನಿಗೆ ಕಾಣುವ ಶಾಲೆಯೇ ಒಂದು, ಬೆಂಚಿನ ಮೇಲೆ ಕುಳಿತವನಿಗೆ ಕಾಣುವ ಶಾಲೆಯೇ ಮತ್ತೊಂದು. ಈ ಎರಡನೆಯದರ ಚರಿತ್ರೆಯನ್ನು ಯಾರೂ ಬರೆದಿಡುವುದಿಲ್ಲ. ಅದು ಮುದುಕರ ಬಾಯಿಯಲ್ಲಿ, ಊಟವಾದ ಮೇಲೆ ಜಗಲಿಯಲ್ಲಿ ಕುಳಿತಾಗ, ಎಲೆಯಡಿಕೆಯ ನಡುವೆ ಸ್ವಲ್ಪ ಸ್ವಲ್ಪವಾಗಿ ಹೊರಬಿದ್ದು, ಅವರೊಡನೆಯೇ ಮುಗಿದುಹೋಗುವುದು.

ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ವಿದ್ಯಾಲಯವನ್ನು ಬಲ್ಲದ ಮನೆಯು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವಿರಳ. ನಾವು ಅಲ್ಲಿ ಓದಿದವರಲ್ಲ. ನಮ್ಮ ಅಭ್ಯಾಸವು ಸಂಸ್ಕೃತ ಪಾಠಶಾಲೆಯೊಂದರಲ್ಲಿ, ಅಮರಕೋಶ ಶಬ್ದಮಂಜರಿಗಳಿಂದ ಆರಂಭವಾದುದು. ಆದರೆ ನಮ್ಮೊಡನೆ ಕೆಲಸಮಾಡಿದ ಉಪಾಧ್ಯಾಯರಲ್ಲಿಯೂ ನೆರೆಹೊರೆಯವರಲ್ಲಿಯೂ ಆ ಗುಡ್ಡೆಯನ್ನು ಹತ್ತಿ ಇಳಿದವರು ಹಲವರು. ಅವರ ಮಾತುಗಳನ್ನು ಬಹುಕಾಲದಿಂದ ಕೇಳುತ್ತ ಬಂದಿರುವೆವು. ಅವುಗಳಲ್ಲಿ ಕೆಲವನ್ನು ವಾಚಕರ ಮುಂದಿಡುವುದಕ್ಕೆ ಮೊದಲು ಆ ವಿದ್ಯಾಲಯದ ಹುಟ್ಟನ್ನು ಕುರಿತು ನಾಲ್ಕು ಮಾತು ಹೇಳುವುದು ಅವಶ್ಯ.

1878ನೆಯ ಇಸವಿಯ ದಶಂಬರ ತಿಂಗಳ ಕಡೆಯ ದಿನ ಯೇಸುಸಭೆಯ ಕೆಲವು ಪಾದ್ರಿಗಳು ಯೂರೋಪಿನಿಂದ ಹೊರಟು ಮಂಗಳೂರಿಗೆ ಬಂದಿಳಿದರು. ಊರಿನ ಕ್ರೈಸ್ತ ಗೃಹಸ್ಥರಿಗೆ ತಮ್ಮ ಮಕ್ಕಳಿಗಾಗಿ ಒಂದು ಕಾಲೇಜು ಬೇಕೆಂಬ ಅಪೇಕ್ಷೆಯು ಬಹಳ ದಿನದಿಂದ ಇದ್ದಿತು. 1880ನೆಯ ಜನವರಿಯಲ್ಲಿ ಸುಮಾರು 150 ಹುಡುಗರೊಡನೆ ಪಾಠಗಳು ಆರಂಭವಾದುವು. ಮೊದಲು ಬೇರೊಂದು ಕಟ್ಟಡದಲ್ಲಿದ್ದ ಶಾಲೆಯು ಕೆಲವು ವರ್ಷಗಳಲ್ಲಿಯೇ ಗುಡ್ಡೆಯ ಮೇಲಣ ಸ್ವಂತ ಮನೆಗೆ ಬಂದಿತು. ಬಂದ ಪಾದ್ರಿಗಳಲ್ಲಿ ಇಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. ಆಂಜೆಲೊ ಮಾಫೆಯಿ ಎಂಬವರು ಕೊಂಕಣಿಯನ್ನು ಕಲಿತು, 1882ರಲ್ಲಿ ಆ ಭಾಷೆಯ ವ್ಯಾಕರಣವನ್ನೂ ಮರುವರ್ಷ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ಪ್ರಕಟಿಸಿದರು. ಕೆಥೊಲಿಕ ಪಾದ್ರಿಯ ಈ ಗ್ರಂಥಗಳು ಅಚ್ಚಾದುದು ಪ್ರಾಟೆಸ್ಟೆಂಟರ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಮತಾಂತರದ ವಾದವಿವಾದಗಳ ಆ ಕಾಲದಲ್ಲಿಯೂ ವ್ಯಾಕರಣಕ್ಕೆ ಒಂದೇ ಅಚ್ಚಿನ ಮನೆ ಸಾಕಾಯಿತೆಂಬುದು ವೈಯಾಕರಣರಿಗೆ ಸಂತೋಷದ ಸಂಗತಿ. ಇನ್ನೊಬ್ಬರು ಆಗಸ್ಟಸ್ ಮುಲ್ಲರ್. ಪಾಠ ಹೇಳುವುದಕ್ಕೆ ಬಂದ ಇವರು ಹೋಮಿಯೋಪತಿ ಔಷಧಗಳ ಒಂದು ಚಿಕ್ಕ ಪೆಟ್ಟಿಗೆಯನ್ನು ಇಟ್ಟುಕೊಂಡು, ಹುಡುಗರಿಗೂ ಬಡವರಿಗೂ ಮದ್ದು ಕೊಡತೊಡಗಿದರು. ಕಂಕನಾಡಿಯ ದೊಡ್ಡ ಆಸ್ಪತ್ರೆಯು ಆ ಪೆಟ್ಟಿಗೆಯಿಂದ ಬೆಳೆದುದೇ ಆಗಿದೆ.

ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿದರೆ ಈ ಚರಿತ್ರೆಯಾವುದೂ ಅವರ ಬಾಯಿಯಲ್ಲಿ ಮೊದಲು ಬರುವುದಿಲ್ಲ. ಮೊದಲು ಬರುವುದು ಗುಡ್ಡೆಯ ಏರು, ಎರಡನೆಯದು ಗಂಟೆ, ಮೂರನೆಯದು ಇಗರ್ಜಿಯ ಚಿತ್ರಗಳು. ಈ ಚಿತ್ರಗಳನ್ನು ಬರೆದವರು ಇಟಲಿಯ ಬೆರ್ಗಾಮೊ ಪ್ರಾಂತದ ಅಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರರು. ಇವರು 1899ರಿಂದ 1901ರ ವರೆಗೆ, ಗೋಡೆಗಳಲ್ಲಿ ಹಸಿಗಾರೆಯ ಮೇಲೆಯೂ ಮೇಲ್ಛಾವಣಿಯಲ್ಲಿ ಕಿತ್ತಾನಿನ ಮೇಲೆ ಎಣ್ಣೆಬಣ್ಣದಿಂದಲೂ ಬರೆದು, ಗೇಣಗಲದ ಜಾಗವೂ ಬರಿದಾಗಿ ಉಳಿಯದಂತೆ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಹೋದುದರಿಂದ ಅವರು ತಮ್ಮ ಊರನ್ನು ಮತ್ತೆ ಕಾಣಲಿಲ್ಲ. ಛಾವಣಿಯ ನಡುವೆ ಇರುವುದು ವಿದ್ಯಾಲಯಕ್ಕೆ ಹೆಸರು ಕೊಟ್ಟ ಅಲೋಶಿಯಸ್ ಗೊನ್ಜಾಗನ ಚರಿತ್ರೆ. 1568ರಲ್ಲಿ ಪ್ರಭುಕುಟುಂಬದಲ್ಲಿ ಹುಟ್ಟಿದ ಈತನು ಹಿರಿಯ ಮಗನಾಗಿ ತನಗೆ ಬರಬೇಕಾಗಿದ್ದ ಸಂಸ್ಥಾನವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದನು. ರೋಮಾಪುರದಲ್ಲಿ ಸಾಂಕ್ರಾಮಿಕ ಜಾಡ್ಯವು ಹಬ್ಬಿದಾಗ ರೋಗಿಗಳ ಶುಶ್ರೂಷೆಗೆ ನಿಂತು, ತಾನೂ ಆ ಜಾಡ್ಯಕ್ಕೆ ತುತ್ತಾಗಿ, 1591ರಲ್ಲಿ ಇಪ್ಪತ್ತಮೂರರ ವಯಸ್ಸಿನಲ್ಲಿ ಮಡಿದನು. ಪಟ್ಟವನ್ನು ತೊರೆದ ರಾಜಕುಮಾರರ ಕಥೆಯು ನಮ್ಮ ಮನೆಗಳಿಗೆ ಹೊಸತಲ್ಲವಷ್ಟೆ. ಆದುದರಿಂದಲೇ ಹಿಂದೂ ಹುಡುಗರಿಗೂ ಆ ಚಿತ್ರಗಳು ಪರಕೀಯವಾಗಿ ತೋರಲಿಲ್ಲವೆಂದು ಕಾಣುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಇಗರ್ಜಿಯ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು, ಕತ್ತೆತ್ತಿ ಒಂದು ನಿಮಿಷ ನೋಡಿ, ಕೈಮುಗಿದು ಓಡುತ್ತಿದ್ದೆವೆಂದು ನಮಗೆ ಹೇಳಿದ ಬ್ರಾಹ್ಮಣ ಮಿತ್ರರು ಒಬ್ಬರಲ್ಲ.

ಬಂಟವಾಳದ ಕಡೆಯ ಒಬ್ಬ ಪೋಸ್ಟುಮಾಸ್ತರರನ್ನು ನಾವು ಬಲ್ಲೆವು. ನಿವೃತ್ತರಾಗಿ ಮೂವತ್ತು ವರ್ಷ ಕಳೆದುವು; ಈಗ ಅವರಿಗೆ ಎಂಬತ್ತೆಂಟು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಗುಡ್ಡೆಯ ಹೈಸ್ಕೂಲಿಗೆ ಸೇರಿದವರು. ಯೇಸುಸಭೆಯವರ ಶಾಲೆಗಳಲ್ಲಿ ಹುಡುಗರು ಬರೆಯುವ ಹಾಳೆಯ ನೆತ್ತಿಯಲ್ಲಿ ಎ. ಎಂ. ಡಿ. ಜಿ. ಎಂಬ ನಾಲ್ಕು ಅಕ್ಷರಗಳನ್ನು ಬರೆಯುವ ಪದ್ಧತಿಯುಂಟು. ದೇವರ ಮಹಿಮೆಯು ಹೆಚ್ಚಲಿ ಎಂಬರ್ಥದ ಲ್ಯಾಟಿನ್ ವಾಕ್ಯದ ಮೊದಲಕ್ಷರಗಳವು. ಹಳ್ಳಿಯಿಂದ ಬಂದ ಹುಡುಗನಿಗೆ ಈ ಅರ್ಥವು ಹೇಗೆ ತಿಳಿಯಬೇಕು! ಮನೆಯಲ್ಲಿ ತಂದೆಯು ಲೆಕ್ಕದ ಪುಸ್ತಕದ ಮೇಲ್ತುದಿಯಲ್ಲಿ “ಶ್ರೀ” ಎಂದು ಬರೆಯುತ್ತಿದ್ದುದನ್ನು ಕಂಡಿದ್ದನು. ಹಾಗಾಗಿ ಮೊದಲು “ಶ್ರೀ”, ಅದರ ಕೆಳಗೆ ಎ. ಎಂ. ಡಿ. ಜಿ., ಅದರ ಕೆಳಗೆ ಬೀಜಗಣಿತ, ಹೀಗೆ ಬರೆಯತೊಡಗಿದನು. ಒಂದು ದಿನ ಪಾದ್ರಿಗಳು ಪುಸ್ತಕವನ್ನು ತೆಗೆದು ನೋಡಿ, ಇದೇನೆಂದು ಬೆರಳಿಟ್ಟು ಕೇಳಿದರು. ಹುಡುಗನು ನಡುಗುತ್ತ, “ಅದೂ ದೇವರದ್ದೇ ಫಾದರ್” ಎಂದನು. ಪಾದ್ರಿಗಳು ಸುಮ್ಮನೆ ಪುಸ್ತಕವನ್ನು ಹಿಂದಕ್ಕೆ ಕೊಟ್ಟು ಮುಂದಿನ ಬೆಂಚಿಗೆ ಹೋದರಂತೆ. “ಬೈದಿದ್ದರೆ ಮರೆತು ಹೋಗುತ್ತಿತ್ತು ಮಾಸ್ಟ್ರೇ” ಎಂದು ನಮ್ಮ ಮಿತ್ರರು ಹೇಳುವರು. “ಏನೂ ಹೇಳದೆ ಹೋದರಲ್ಲ, ಅದು ಮರೆಯಲಿಕ್ಕಾಗಲಿಲ್ಲ.” ಇಂದಿಗೂ ಅವರು ಪೇಟೆಯ ಸಾಮಾನಿನ ಪಟ್ಟಿಯನ್ನು ಬರೆಯುವಾಗ ಮೇಲೆ ಈ ಎರಡೂ ಇರುವುವು.

ಇದೇ ಪೋಸ್ಟುಮಾಸ್ತರರು ಹೇಳುವ ಇನ್ನೊಂದು ಸಂಗತಿಯು ಅಷ್ಟು ಮಧುರವಾದುದಲ್ಲ. ಕ್ರೈಸ್ತ ಹುಡುಗರಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ, ಇದು ಇಂತಹ ಶಾಲೆಗಳ ಸಾಮಾನ್ಯ ಕ್ರಮ. ಆ ಗಂಟೆಯು ಬಾರಿಸಿತೆಂದರೆ ತರಗತಿಯು ಎರಡು ಹೋಳಾಗಬೇಕು. ಇವರ ಪಕ್ಕದಲ್ಲಿ ಕೂರುತ್ತಿದ್ದ ಕ್ರೈಸ್ತ ಹುಡುಗನು ಎದ್ದು, ಕೊಂಕಣಿಯಲ್ಲಿ ದೊತೊರ್ನ್ ಎನ್ನುವ ಉಪದೇಶಕ್ಕೆ ಹೋಗುವನು. ಇವರೂ ಬ್ಯಾರಿ ಹುಡುಗರೂ ಜೈನರ ಮಕ್ಕಳೂ ಬೇರೆ ಕೋಣೆಗೆ. ಮಧ್ಯಾಹ್ನ ಮತ್ತೆ ಒಂದಾದಾಗ, “ನಿಮಗೆ ಎಂತ ಹೇಳಿದರು?” ಎಂದು ಇವರ ಪ್ರಶ್ನೆ. “ಸುಳ್ಳು ಹೇಳಬಾರದು, ಕದಿಯಬಾರದು, ಅಪ್ಪ ಅಮ್ಮನ ಮಾತು ಕೇಳಬೇಕು ಅಂತ.” “ನಮಗೂ ಅದನ್ನೇ ಹೇಳಿದರು!” ಹಾಗಾದರೆ ಎರಡು ಕೋಣೆ ಏತಕ್ಕೆಂದು ಹನ್ನೆರಡು ವರ್ಷದ ಆ ಇಬ್ಬರು ಬಹಳ ಚರ್ಚೆ ನಡೆಯಿಸಿದರಂತೆ. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಆ ಎರಡು ಕೋಣೆಗಳಲ್ಲಿ ಒಂದು ಬಗೆಯ ಪ್ರಾಮಾಣಿಕತೆಯುಂಟು. ಅನ್ಯರ ಮಕ್ಕಳಿಗೆ ತಮ್ಮ ಮತವನ್ನು ಪಾಠದ ನೆಪದಿಂದ ಕುಡಿಸದೆ ಬೇರೆಯಾಗಿ ಕೂರಿಸಿದುದು ನ್ಯಾಯವೇ. ಆದರೆ ನ್ಯಾಯವೆಂದು ಮುದುಕರಾದ ಮೇಲೆ ಒಪ್ಪಿಕೊಳ್ಳುವುದು ಬೇರೆ, ಹನ್ನೆರಡನೆಯ ವಯಸ್ಸಿನಲ್ಲಿ ಸ್ನೇಹಿತನು ಎದ್ದುಹೋದಾಗ ಬೆಂಚಿನ ಮೇಲೆ ಬರಿದಾದ ಜಾಗವನ್ನು ನೋಡುವುದು ಬೇರೆ. ಆ ಸ್ನೇಹಿತನು ಮುಂದೆ ಮುಂಬಯಿಗೆ ಹೋಗಿ ರೈಲ್ವೆಯಲ್ಲಿ ಗುಮಾಸ್ತನಾದನು. ಇಬ್ಬರಿಗೂ ಐವತ್ತು ವರ್ಷ ಪತ್ರವ್ಯವಹಾರವಿದ್ದಿತು.

ಪಾದ್ರಿಗಳ ಈ ಶಾಲೆಯಿಂದ ಕನ್ನಡಕ್ಕೆ ಒದಗಿದ ಲಾಭವನ್ನು ಕುರಿತು ಹೇಳದಿದ್ದರೆ ಕೃತಘ್ನತೆಯಾದೀತು. ‘ನಾಡೋಜ ಪಂಪ’ವನ್ನು 1938ರಲ್ಲಿ ಬರೆದ ಮುಳಿಯ ತಿಮ್ಮಪ್ಪಯ್ಯನವರು ಅಲೋಶಿಯಸಿನಲ್ಲಿ ಕನ್ನಡ ಪಂಡಿತರಾಗಿದ್ದವರು. ಛಂದಸ್ಸಿನಲ್ಲಿಯೂ ಶಬ್ದವಿಚಾರದಲ್ಲಿಯೂ ಅದ್ವಿತೀಯರೆನಿಸಿದ ಸೇಡಿಯಾಪು ಕೃಷ್ಣಭಟ್ಟರೂ ಅಲ್ಲಿಯೇ ಮೊದಲು ಹೈಸ್ಕೂಲಿನಲ್ಲಿ, ಅನಂತರ ಕಾಲೇಜಿನಲ್ಲಿ ಪಾಠ ಹೇಳಿದರು. 1994ರ ಪಂಪ ಪ್ರಶಸ್ತಿಯು ಅವರ ‘ವಿಚಾರ ಪ್ರಪಂಚ’ಕ್ಕೆ ಬಂದಾಗ ಅವರಿಗೆ ತೊಂಬತ್ತು ದಾಟಿದ್ದಿತು. ಮದರಾಸು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಇಂಗ್ಲಿಷೇ ಸರ್ವಸ್ವವಾಗಿದ್ದ ಆ ದಿನಗಳಲ್ಲಿ ಗಣಿತಕ್ಕೂ ರಸಾಯನಕ್ಕೂ ನಡುವಣ ಒಂದು ಗಂಟೆಯಲ್ಲಿ ಹಳಗನ್ನಡದ ಪದ್ಯವನ್ನು ಬಿಡಿಸಿ ತೋರಿಸುವುದೆಂದರೆ ಸಾಮಾನ್ಯ ಕೆಲಸವಲ್ಲ. ವ್ಯಾಪಾರ ಮಾಡಿ ಲಕ್ಷಾಧಿಪತಿಯಾದ ಒಬ್ಬ ಶಿಷ್ಯರು, ಕಂದಪದ್ಯದ ಗಣವನ್ನು ಬೆರಳಿನಿಂದ ಎಣಿಸುತ್ತ ನಮ್ಮೆದುರಿಗೆ ಕುಳಿತಿದ್ದರು. “ಭಟ್ಟರ ಕ್ಲಾಸಿನಲ್ಲಿ ಕಲಿತ ಮಿಕ್ಕದ್ದು ಯಾವುದೂ ನೆನಪಿಲ್ಲ. ಗಣ ಮಾತ್ರ ನೆನಪಿದೆ. ರಾತ್ರಿ ನಿದ್ರೆ ಬಾರದಿದ್ದರೆ ಇದನ್ನೇ ಲೆಕ್ಕ ಹಾಕುವುದು” ಎಂದರು. ಛಂದಸ್ಸಿಗೆ ಇಂತಹ ಉಪಯೋಗವಿದೆಯೆಂದು ಯಾವ ಲಾಕ್ಷಣಿಕನೂ ಹೇಳಿಲ್ಲ.

ಹೆಣ್ಣುಮಕ್ಕಳ ಮಾತು ಬೇರೆಯೇ. ಅಪೊಸ್ತಲಿಕ ಕಾರ್ಮೆಲ್ ಸಭೆಯ ಸನ್ಯಾಸಿನಿಯರು 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು ಸ್ಥಾಪಿಸದಿದ್ದರೆ, ಮದರಾಸಿಗೆ ಕಳುಹಿಸುವ ಧೈರ್ಯವಿಲ್ಲದ ಎಷ್ಟೋ ಮನೆಗಳ ಹುಡುಗಿಯರ ಓದು ಅಡುಗೆಯ ಮನೆಯ ಹೊಸ್ತಿಲಿನಲ್ಲಿಯೇ ನಿಲ್ಲುತ್ತಿದ್ದಿತು. ನಮ್ಮ ನೆರೆಯ ಮನೆಯ ಎಂಬತ್ತು ದಾಟಿದ ಅಮ್ಮನವರು ಹೇಳುವಂತೆ, ಅವರ ತಂದೆಯು ಮಗಳನ್ನು ಕ್ರೈಸ್ತರ ಕಾಲೇಜಿಗೆ ಕಳುಹಿಸಲು ಸುತರಾಂ ಒಪ್ಪಲಿಲ್ಲವಂತೆ. ಕವಿ ಕಡೆಂಗೋಡ್ಲು ಶಂಕರಭಟ್ಟರು ಪಾಠ ಹೇಳಿದ ಕಾಲೇಜೆಂದು ಯಾರೋ ತಿಳಿಸಿದ ಮೇಲೆ, “ಭಟ್ಟರು ಹೋಗಬಹುದಾದರೆ ನನ್ನ ಮಗಳೂ ಹೋಗಬಹುದು” ಎಂದು ಒಪ್ಪಿಗೆಯಿತ್ತರಂತೆ. ಈ ಅಮ್ಮನವರು ಅಲ್ಲಿ ಕಲಿತು, ಉಪಾಧ್ಯಾಯಿನಿಯಾಗಿ, ತಮ್ಮ ಸಂಬಳದಿಂದ ಮೂವರು ತಮ್ಮಂದಿರನ್ನು ಓದಿಸಿದರು. ಆದರೆ ಕಾಲೇಜಿಗೆ ಬರುವ ಮೊದಲು ತಾವು ಓದಿದ ಇನ್ನೊಂದು ಊರಿನ ಕಾನ್ವೆಂಟು ಶಾಲೆಯ ನೆನಪು ಬಂದರೆ ಅವರ ಮುಖವು ಬಿಗಿಯುವುದು. ಅಲ್ಲಿ ಇಂಗ್ಲಿಷನ್ನಲ್ಲದೆ ಬೇರೆ ಮಾತನಾಡಿದ ಹುಡುಗಿಯ ಕೈಗೆ ಒಂದು ಮರದ ತುಂಡನ್ನು ಕೊಡುತ್ತಿದ್ದರು. ಅವಳು ಅದನ್ನು ಇನ್ನೊಬ್ಬಳು ತಪ್ಪು ಮಾಡಿದಾಗ ದಾಟಿಸಬೇಕು. ಸಂಜೆ ಯಾರ ಕೈಯಲ್ಲಿದೆಯೋ ಅವಳಿಗೆ ದಂಡ. “ಅದರಿಂದ ಇಂಗ್ಲಿಷು ಬಂತು, ಸುಳ್ಳಲ್ಲ. ಅದರ ಜೊತೆ ಇನ್ನೊಬ್ಬಳು ಯಾವಾಗ ಬಾಯಿ ತಪ್ಪುತ್ತಾಳೆ ಅಂತ ಕಾದು ಕೂರುವುದೂ ಬಂತು” ಎಂದು ಅವರು ಹೇಳಿದುದನ್ನು ನಾವು ಮರೆತಿಲ್ಲ. ಉಪಾಧ್ಯಾಯರಾದವರು ಈ ವಾಕ್ಯದ ಉತ್ತರಾರ್ಧವನ್ನು ಎರಡು ಸಲ ಓದುವುದು ಒಳ್ಳೆಯದು.

ಇನ್ನು ಕೀರ್ತಿವಂತರ ಮಾತು. ಅಲೋಶಿಯಸಿನವರು 1897ರಿಂದಲೇ ‘ಮಂಗಳೂರ್ ಮ್ಯಾಗಜಿನ್’ ಎಂಬ ತಮ್ಮ ಪತ್ರಿಕೆಯನ್ನು ಹೊರಡಿಸಿದವರು. ಅವರ ಹಳೆಯ ವಿದ್ಯಾರ್ಥಿಗಳಲ್ಲಿ ದೊಡ್ಡವರ ಪಟ್ಟಿಯು ಉದ್ದವಾದುದು. ಪಾರ್ಲಿಮೆಂಟಿನ ಸದಸ್ಯರೂ ಪತ್ರಿಕೋದ್ಯೋಗಿಗಳೂ ಆಗಿದ್ದ ಜೋಕಿಂ ಆಳ್ವರು ಅಲ್ಲಿ ಓದಿದವರು. ಕೌಡೂರಿನಿಂದ ಹೊರಟ ಕೆ. ಎಸ್. ಹೆಗ್ಡೆಯವರೂ ಕೆಲಕಾಲ ಅಲ್ಲಿಯ ವಿದ್ಯಾರ್ಥಿಗಳು. ಇವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗ, 1973ರಲ್ಲಿ, ಜ್ಯೇಷ್ಠರಾದ ಮೂವರನ್ನು ದಾಟಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಸರಕಾರವು ನೇಮಿಸಿತು. ಆ ಮೂವರಲ್ಲಿ ಒಬ್ಬರಾದ ಹೆಗ್ಡೆಯವರು ಉಳಿದಿಬ್ಬರಂತೆಯೇ ರಾಜೀನಾಮೆಯನ್ನು ಕೊಟ್ಟು ಹೊರಬಂದರು. 1977ರಲ್ಲಿ ಲೋಕಸಭೆಯ ಸಭಾಪತಿಗಳಾದರು. ಛಾವಣಿಯ ಮೇಲೆ ಸಂಸ್ಥಾನವನ್ನು ಬಿಟ್ಟುಕೊಡುವ ಅಲೋಶಿಯಸನ ಚಿತ್ರಕ್ಕೂ ಈ ರಾಜೀನಾಮೆಗೂ ಸಂಬಂಧ ಕಲ್ಪಿಸಿ ಭಾಷಣ ಮಾಡುವುದು ಸುಲಭ. ನಮಗೆ ಅಂತಹ ಭಾಷಣಗಳು ರುಚಿಸುವುದಿಲ್ಲ. ಹೆಗ್ಡೆಯವರು ಕಾರ್ಕಳದ ಹೈಸ್ಕೂಲಿನಲ್ಲಿಯೂ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿಯೂ ಮದರಾಸಿನಲ್ಲಿಯೂ ಓದಿದವರು. ಅವರ ಬೆನ್ನೆಲುಬಿನ ಯಾವ ಮಣಿಯನ್ನು ಯಾವ ಶಾಲೆಯು ಕೂಡಿಸಿತೆಂದು ಹೇಳಬಲ್ಲವರು ಯಾರು?

ಜಾರ್ಜ್ ಫೆರ್ನಾಂಡಿಸರ ಸಂಗತಿಯು ಇದಕ್ಕಿಂತಲೂ ಜಟಿಲವಾದುದು. 1930ರಲ್ಲಿ ಮಂಗಳೂರಿನ ಕೆಥೊಲಿಕ ಮನೆಯಲ್ಲಿ ಹುಟ್ಟಿ, ಅಲೋಶಿಯಸ್ ಶಾಲೆಯಲ್ಲಿ ಹೈಸ್ಕೂಲನ್ನು ಮುಗಿಸಿದ ಈ ಹುಡುಗನು ಪಾದ್ರಿಯಾಗಬೇಕೆಂದು ಮನೆಯವರು 1946ರಲ್ಲಿ ಬೆಂಗಳೂರಿನ ಗುರುವಿದ್ಯಾಮಂದಿರಕ್ಕೆ ಕಳುಹಿಸಿದರು. ಎರಡು ವರ್ಷದಲ್ಲಿ ಅಲ್ಲಿಂದ ಹೊರಟುಬಂದರು. ಮೇಲಿನವರಿಗೆ ಎತ್ತರದ ಮೇಜು, ಒಳ್ಳೆಯ ಊಟ, ಕಲಿಯುವವರಿಗೆ ಬೇರೆ, ನುಡಿಗೂ ನಡೆಗೂ ನಡುವಣ ಈ ಅಂತರವನ್ನು ಸಹಿಸಲಾರದೆ ಹೋದೆನೆಂಬ ಅರ್ಥದ ಮಾತನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆಮೇಲೆ ಮಂಗಳೂರಿನ ಹೋಟೆಲು ಕೆಲಸದವರನ್ನೂ ಮೋಟಾರು ಕೆಲಸದವರನ್ನೂ ಒಟ್ಟುಗೂಡಿಸಿ, 1949ರಲ್ಲಿ ಮುಂಬಯಿಗೆ ಹೋಗಿ, ಚೌಪಾಟಿಯ ಬೆಂಚುಗಳ ಮೇಲೆ ಮಲಗಿ, ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಹಿಡಿದರು. 1967ರಲ್ಲಿ ಎಸ್. ಕೆ. ಪಾಟೀಲರಂತಹ ಪ್ರಬಲರನ್ನು ಚುನಾವಣೆಯಲ್ಲಿ ಸೋಲಿಸಿದುದು, 1974ರಲ್ಲಿ ಇಡೀ ದೇಶದ ರೈಲ್ವೆ ಮುಷ್ಕರವನ್ನು ನಡೆಯಿಸಿದುದು ಎಲ್ಲರಿಗೂ ತಿಳಿದ ವಿಷಯ. 1989ರ ಕೊನೆಯಲ್ಲಿ ರೈಲ್ವೆ ಮಂತ್ರಿಗಳಾದರು; ಮರುವರ್ಷ ಕೊಂಕಣ ರೈಲ್ವೆ ನಿಗಮವು ಸ್ಥಾಪಿತವಾಯಿತು; 1998ರಲ್ಲಿ ಮಂಗಳೂರಿಗೂ ಮುಂಬಯಿಗೂ ಕರಾವಳಿಯ ಉದ್ದಕ್ಕೆ ಉಗಿಬಂಡಿಯ ದಾರಿಯು ತೆರೆಯಿತು. 2019ರಲ್ಲಿ ಅವರು ತೀರಿಕೊಂಡರು. ಪಾದ್ರಿಯಾಗಲೆಂದು ಕಳುಹಿಸಿದ ಹುಡುಗನು ಪಾದ್ರಿಯಾಗಲಿಲ್ಲ. ಆದರೆ ಬಡವನ ಊಟದ ತಟ್ಟೆಯನ್ನು ಧನಿಕನ ತಟ್ಟೆಯೊಡನೆ ಹೋಲಿಸಿ ನೋಡುವ ದೃಷ್ಟಿಯು ಆತನಿಗೆ ಧರ್ಮೋಪದೇಶದ ಗಂಟೆಯಿಂದಲೇ ಬಂದಿತೋ, ಉಪದೇಶಕ್ಕೆ ವಿರುದ್ಧವಾದುದನ್ನು ಕಂಡದ್ದರಿಂದ ಬಂದಿತೋ! ಎರಡೂ ಶಾಲೆಯ ಲೆಕ್ಕಕ್ಕೇ ಸೇರುವುವು. ಒಂದು ಜಮೆಯಲ್ಲಿ, ಇನ್ನೊಂದು ಖರ್ಚಿನಲ್ಲಿ.

ತೀರ ಈಚಿನವರಲ್ಲಿ ಅರವಿಂದ ಅಡಿಗರಿದ್ದಾರೆ. 1990ರಲ್ಲಿ ಅಲೋಶಿಯಸಿನಿಂದ ಎಸ್. ಎಸ್. ಎಲ್. ಸಿ. ಮುಗಿಸಿ, ಮುಂದೆ ಪರದೇಶಗಳಲ್ಲಿ ಓದಿ, 2008ರಲ್ಲಿ ‘ದಿ ವೈಟ್ ಟೈಗರ್’ ಎಂಬ ಇಂಗ್ಲಿಷ್ ಕಾದಂಬರಿಗೆ ಬೂಕರ್ ಬಹುಮಾನವನ್ನು ಪಡೆದವರು. ನಮಗೆ ಅದಕ್ಕಿಂತ ಅವರ ‘ಬಿಟ್ವೀನ್ ದಿ ಅಸ್ಯಾಸಿನೇಷನ್ಸ್’ ಎಂಬ ಕಥೆಗಳ ಪುಸ್ತಕವೇ ಹೆಚ್ಚು ಹಿಡಿಸಿತು. ಕಿಟ್ಟೂರು ಎಂದು ಹೆಸರಿಟ್ಟ ಕರಾವಳಿಯ ಒಂದು ಕಲ್ಪಿತ ಪಟ್ಟಣವೂ ಅದರಲ್ಲಿ ಸಂತ ಅಲ್ಫೊನ್ಸೊ ಎಂಬ ಕಲ್ಪಿತ ಕೆಥೊಲಿಕ ಗಂಡುಮಕ್ಕಳ ಶಾಲೆಯೂ ಅದರಲ್ಲಿ ಬರುವುವು. ಮೇಲ್ಜಾತಿಯ ತಂದೆಗೂ ಕೆಳಜಾತಿಯ ತಾಯಿಗೂ ಹುಟ್ಟಿದ ಒಬ್ಬ ಹುಡುಗನು ಎರಡು ಕಡೆಗೂ ಸಲ್ಲದೆ, ಒಳಗೊಳಗೇ ಕುದಿದು, ತರಗತಿಯಲ್ಲಿ ಸಿಡಿಮದ್ದನ್ನು ಸಿಡಿಸುವನು. ಕಲ್ಪಿತವಾದುದನ್ನು ನಿಜವೆಂದು ಓದುವುದು ಅವಿವೇಕವೇ ಸರಿ. ಬೆರಳು ತೋರಿಸಿ ಇದು ಇಂತಹ ಶಾಲೆಯೆಂದು ಹೇಳಲು ನಾವು ಸಿದ್ಧರಿಲ್ಲ. ಆದರೆ ಸಮವಸ್ತ್ರದ ಅಡಿಯಲ್ಲಿ ಹುಡುಗರು ತಂತಮ್ಮ ಜಾತಿಯನ್ನೂ ಮನೆಯ ಬಡತನವನ್ನೂ ಹೊತ್ತುಕೊಂಡೇ ಶಾಲೆಗೆ ಬರುವರೆಂಬುದನ್ನು, ಮತ್ತು ಎಷ್ಟೋ ಉಪಾಧ್ಯಾಯರಿಗೆ ಅದು ಕಾಣುವುದೇ ಇಲ್ಲವೆಂಬುದನ್ನು, ಬೆಂಚಿನ ಮೇಲೆ ಕುಳಿತಿದ್ದವನೇ ಬರೆಯಬಲ್ಲನು.

ಇಷ್ಟು ದೂರ ಬಂದ ಮೇಲೆ, ಯಾವ ಪಟ್ಟಿಯಲ್ಲಿಯೂ ಸೇರದ ಒಬ್ಬರ ವಿಷಯವನ್ನು ಹೇಳಬೇಕು. ಇವರು ಓದಿದುದು ಗುಡ್ಡೆಯ ಶಾಲೆಯಲ್ಲಿ ಅಲ್ಲ, ಜಿಲ್ಲೆಯ ಬೇರೊಂದು ಕಡೆಯ ಕೆಥೊಲಿಕ ಶಾಲೆಯಲ್ಲಿ. ಅದರ ಹೆಸರು ನಮಗೆ ಇಲ್ಲಿ ಬೇಕಾಗಿಲ್ಲ. ತುಳು ಮಾತಾಡುವ ಮನೆ. ತಂದೆಗೆ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಕೆಲಸ. 1958ನೆಯ ಇಸವಿಯಲ್ಲಿ ಎಂಟನೆಯ ತರಗತಿಯಲ್ಲಿದ್ದರು. ಮಳೆಗಾಲದಲ್ಲಿ ತಂದೆಗೆ ಕಾಯಿಲೆಯಾಗಿ ಮೂರು ತಿಂಗಳ ಶುಲ್ಕವು ಉಳಿಯಿತು. ಹಾಜರಿ ಕೂಗುವ ಹೊತ್ತಿಗೆ ಶುಲ್ಕ ಕೊಡದವರ ಹೆಸರುಗಳನ್ನು ಬೇರೆಯಾಗಿ ಓದಿ ಎದ್ದು ನಿಲ್ಲಿಸುವ ಪದ್ಧತಿಯಿದ್ದಿತು. ಮೊದಲ ದಿನ ಆರು ಹುಡುಗರು ನಿಂತರು, ಎರಡನೆಯ ವಾರ ಮೂವರು, ಕಡೆಗೆ ಇವರೊಬ್ಬರೇ. ಒಂದು ಸೋಮವಾರ ಹಾಜರಿಯಲ್ಲಿ ಇವರ ಹೆಸರನ್ನೇ ಕೂಗಲಿಲ್ಲ. ಹುಡುಗನು ಸಂಜೆಯವರೆಗೆ ಕುಳಿತಿದ್ದು, ಹಲಗೆ ಪುಸ್ತಕಗಳನ್ನು ಎತ್ತಿಕೊಂಡು ಮನೆಗೆ ಹೋದವನು ಮತ್ತೆ ಬರಲಿಲ್ಲ. ಮರುವಾರದಿಂದ ತಂದೆಯ ಬದಲಿಗೆ ಕಾರ್ಖಾನೆಗೆ.

ಕಥೆಯು ಇಷ್ಟೇ ಆಗಿದ್ದರೆ ಶಾಲೆಯನ್ನು ಶಪಿಸಿ ಮುಗಿಸಬಹುದಾಗಿತ್ತು. ಆದರೆ ಅದೇ ಶಾಲೆಯಲ್ಲಿ ಅಕ್ಷರವನ್ನು ತಿದ್ದಿಸುವ ಒಬ್ಬ ಸಹೋದರರಿದ್ದರಂತೆ. ಕನ್ನಡವನ್ನು ಸರಿಯಾಗಿ ಮಾತನಾಡಲು ಬಾರದ ಆ ಪರದೇಶದವರು ಕನ್ನಡ ಅಕ್ಷರಗಳನ್ನು ಮಾತ್ರ ಅಚ್ಚಿನ ಮೊಳೆಯಂತೆ ಬರೆಯುತ್ತಿದ್ದರಂತೆ. ಇವರ 'ಳ'ಕಾರದ ಬಾಲ ಸರಿಯಾಗಲೆಂದು ಎರಡು ವರ್ಷ ಕೈಹಿಡಿದು ತಿದ್ದಿಸಿದರು. ಆ ಕೈ ಉಳಿಯಿತು. ಕಾರ್ಖಾನೆಯ ಕೇರಿಯಲ್ಲಿ ಓದುಬರೆಹ ಬಲ್ಲವರು ಕಡಿಮೆ. ಪ್ರತಿಯೊಂದು ಮನೆಯಿಂದಲೂ ಒಬ್ಬನಾದರೂ ಮುಂಬಯಿಯ ಹೋಟೆಲುಗಳಲ್ಲಿ ಇರುವವನೇ. ಅವರ ತಾಯಂದಿರು ಭಾನುವಾರ ಮಧ್ಯಾಹ್ನ ಇವರ ಜಗಲಿಗೆ ಬಂದು ಕೂರುವರು. ಮೂವತ್ತು ವರ್ಷ ಇವರು ಆ ಕೇರಿಯ ಕಾಗದಗಳನ್ನೆಲ್ಲ ಬರೆದರು. ಮನಿಯಾರ್ಡರು ಮುಟ್ಟಿದ ವಾರ್ತೆ, ಹಸು ಕರು ಹಾಕಿದ ವಾರ್ತೆ, ಮದುವೆಯ ಮಾತು, ಮರಣ. ಅವರು ತುಳುವಿನಲ್ಲಿ ಹೇಳುವುದು, ಇವರು ಕನ್ನಡದಲ್ಲಿ ಬರೆಯುವುದು. ಕ್ರೈಸ್ತರ ಮನೆಯವರಿಗೆ ಅವರು ಹೇಳಿದ ಕೊಂಕಣಿಯನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಡುವುದೂ ಇತ್ತು. 1938ರಿಂದ ನಡೆಯುತ್ತಿರುವ ‘ರಾಕ್ಣೊ’ ಪತ್ರಿಕೆಯು ಕನ್ನಡ ಲಿಪಿಯ ಕೊಂಕಣಿಯಲ್ಲಿಯೇ ಇರುವುದರಿಂದ ಅದನ್ನು ನೋಡಿ ಆ ರೂಢಿ ಮಾಡಿಕೊಂಡರಂತೆ. ಬರೆದುದಕ್ಕೆ ಹಣ ಮುಟ್ಟಲಿಲ್ಲ. “ನನಗೆ ಕಲಿಸಿದವರು ಆ ಪಾಠಕ್ಕೆ ಬೇರೆ ಫೀಸು ಕೇಳಲಿಲ್ಲವಲ್ಲ ಮಾಸ್ಟ್ರೇ” ಎಂದು ನಗುವರು.

ಆ ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟವು ಪ್ರತಿವರ್ಷ ನಡೆಯುವುದು. ಇವರಿಗೆ ಕರೆಯೋಲೆ ಬರುವುದಿಲ್ಲ. ಮುಗಿಸಿ ಹೋದವರ ಪಟ್ಟಿಯಲ್ಲಿ ಹೆಸರಿಲ್ಲದುದರಿಂದ ಬರಬೇಕಾದ ಕಾರಣವೂ ಇಲ್ಲ. ಒಮ್ಮೆ ನಾವು ಜೊತೆಗೆ ಬನ್ನಿರೆಂದು ಕರೆದಾಗ, “ಅದು ಪಾಸಾದವರಿಗೆ ಇರುವುದು. ನಾನು ಹೋದರೆ ಎಲ್ಲಿ ಕೂರುವುದು?” ಎಂದು ಹೇಳಿ ಬೇರೆ ಮಾತು ತೆಗೆದರು. ಗುಡ್ಡೆಯ ವಿದ್ಯಾಲಯವು 2024ರಲ್ಲಿ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದ ಸುದ್ದಿಯನ್ನು ನಾವು ಪತ್ರಿಕೆಯಿಂದ ಓದಿ ಹೇಳಿದಾಗಲೂ ಅವರು ಕೇಳಿದ ಮೊದಲ ಪ್ರಶ್ನೆಯು, “ಫೀಸು ಕಟ್ಟಲಿಕ್ಕಾಗದ ಮಕ್ಕಳಿಗೆ ಎಂತ ಮಾಡ್ತಾರಂತೆ?” ಎಂದು.

ಎಂಟು ಹತ್ತು ವರ್ಷಗಳ ಕೆಳಗೆ ಅವರ ಮೊಮ್ಮಗಳನ್ನು ಶಾಲೆಗೆ ಸೇರಿಸುವ ಕಾಲ ಬಂದಿತು. ಹಳೆಯ ಗಂಡುಮಕ್ಕಳ ಶಾಲೆಯು ಅಷ್ಟರಲ್ಲಿ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳತೊಡಗಿತ್ತು. ಹತ್ತಿರದಲ್ಲಿ ಬೇರೆ ಶಾಲೆಗಳು ಇಲ್ಲದಿರಲಿಲ್ಲ. ಮಗನೂ ಸೊಸೆಯೂ ಬೇರೆಯದನ್ನೇ ಹೇಳಿದರು. ಇವರು ಹಟ ಹಿಡಿದು ಅಲ್ಲಿಗೇ ಕರೆದುಕೊಂಡು ಹೋದರು. ದಾರಿಯಲ್ಲಿ ನಮ್ಮನ್ನೂ ಜೊತೆಗೆ ಕರೆದರು. ಕಚೇರಿಯ ಗುಮಾಸ್ತೆಯು ಅರ್ಜಿಯ ಹಾಳೆಯನ್ನು ಕೊಟ್ಟಳು. ಹೆಸರು, ಹುಟ್ಟಿದ ತಾರೀಕು, ವಿಳಾಸ ಎಲ್ಲವನ್ನೂ ಆ ಮೊಳೆಯಂತಹ ಅಕ್ಷರಗಳಿಂದ ತುಂಬಿದರು. ಕೆಳಗೆ ಒಂದು ಸಾಲು: ಕುಟುಂಬದವರಲ್ಲಿ ಯಾರಾದರೂ ಈ ಶಾಲೆಯ ಹಳೆಯ ವಿದ್ಯಾರ್ಥಿಗಳಿದ್ದರೆ ತಿಳಿಸುವುದು. ಲೇಖನಿಯು ಅಲ್ಲಿ ಬಹಳ ಹೊತ್ತು ನಿಂತಿತು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಮೊಮ್ಮಗಳು ಅಂಗಿಯ ತುದಿಯನ್ನು ಹಿಡಿದು, “ಅಜ್ಜ, ಬರೀರಿ” ಎಂದಳು. ಅವರು ಹಾಳೆಯನ್ನು ಸರಿಯಾಗಿ ಎಳೆದುಕೊಂಡು, “ಅಜ್ಜ. ಎಂಟನೆಯ ತರಗತಿಯವರೆಗೆ, 1958” ಎಂದು ಬರೆದು, ಎರಡು ಸಲ ಓದಿ ನೋಡಿ, ಗುಮಾಸ್ತೆಯ ಕೈಗೆ ಕೊಟ್ಟರು.